ಪಾರ್ಶ್ವವಾಯುವಿನ ಅನಂತರದ ದಿನಗಳು



ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಪಾಠ ಹೇಳಿ ಜೀವಿಸತಕ್ಕವನು. ಆದರೂ ರೋಗವೊಂದರ ವಿಚಾರವಾಗಿ ಮಾತನಾಡಲು ಒಪ್ಪಿಕೊಂಡುದಕ್ಕೆ ಕಾರಣವುಂಟು. ಹೊಸನಗರದ ಕಡೆಯ ಹಳ್ಳಿಯೊಂದರಲ್ಲಿರುವ ನನ್ನ ಸೋದರಮಾವನವರಿಗೆ ಕೆಲವು ವರ್ಷಗಳ ಹಿಂದೆ ಕಾರ್ತಿಕಮಾಸದಲ್ಲಿ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಬಿದ್ದುಹೋದವು; ಮಾತು ತೊದಲಿತು. ಆಸ್ಪತ್ರೆಯಲ್ಲಿ ಪ್ರಾಣ ಉಳಿಯಿತು. ಎಂಟನೆಯ ದಿನ ಮನೆಗೆ ಕರೆತಂದೆವು. ಅಂಗಸಾಧನೆಯನ್ನು ತಡಮಾಡದೆ ಮಾಡಿಸಬೇಕೆಂದು ವೈದ್ಯರು ಚೀಟಿಯಲ್ಲಿ ಬರೆದೇ ಕೊಟ್ಟಿದ್ದರು. ಆದರೆ ಅದು ಕೊನೆಕೊಯ್ಲಿನ ಕಾಲ. ಅಂಗಳದ ತುಂಬ ಅಡಿಕೆ. ಮನೆಯಲ್ಲಿ ಬಿಡುವಾದ ಒಂದು ಕೈಯೂ ಇಲ್ಲ. "ಕೊಯ್ಲು ಮುಗಿಯಲಿ, ಅಷ್ಟರಲ್ಲಿ ದೇಹಕ್ಕೂ ಕೊಂಚ ಬಲ ಬರಲಿ" ಎಂದರು ಹಿರಿಯರು. ಇಂಗ್ಲಿಷು ಓದಿದವನೆಂಬ ಗೌರವದಿಂದ ನನ್ನ ಅಭಿಪ್ರಾಯವನ್ನೂ ಕೇಳಿದರು. ನಾನೂ ಹೌದೆಂದೆ.

ಅತ್ತೆಯವರು ಮಗುವನ್ನು ನೋಡುವಂತೆ ನೋಡಿಕೊಂಡರು. ಗಂಜಿ ಉಣಿಸಿದರು, ಮೈ ಒರೆಸಿದರು, ಅಲುಗಗೊಡದೆ ಮಲಗಿಸಿದರು. ಮೂರು ತಿಂಗಳ ಮೇಲೆ ಶಿವಮೊಗ್ಗೆಗೆ ಕರೆದೊಯ್ದಾಗ ಬಲಗೈಯ ಬೆರಳುಗಳು ಅಂಗೈಯೊಳಕ್ಕೆ ಮಡಿಸಿ ಬಿಗಿದುಹೋಗಿದ್ದವು. ಪ್ರೀತಿಯಲ್ಲಿ ಏನೂ ಕೊರತೆಯಿರಲಿಲ್ಲ, ಕೊರತೆಯಾದುದು ಕಾಲಜ್ಞಾನ.

ಮಿದುಳಿನ ರಕ್ತನಾಳವೊಂದು ಮುಚ್ಚಿಕೊಂಡರೆ, ಇಲ್ಲವೆ ಒಡೆದರೆ, ಆ ಭಾಗದ ಜೀವಕಣಗಳು ಸಾಯುತ್ತವೆ. ಸತ್ತುವು ಮತ್ತೆ ಹುಟ್ಟುವುದಿಲ್ಲ. ಆದರೆ ಸುತ್ತಣ ಭಾಗಗಳು ಹೊಸ ಸಂಬಂಧಗಳನ್ನು ಬೆಳೆಯಿಸಿಕೊಂಡು, ಸತ್ತವುಗಳ ಕೆಲಸವನ್ನು ಸ್ವಲ್ಪಮಟ್ಟಿಗೆ ವಹಿಸಿಕೊಳ್ಳಬಲ್ಲವು. ಈ ಕಲಿಯುವ ಶಕ್ತಿ ಮೊದಲ ಕೆಲವು ವಾರಗಳಿಂದ ಮೂರು ತಿಂಗಳವರೆಗೆ ವಿಶೇಷವಾಗಿ ಎಚ್ಚತ್ತಿರುತ್ತದೆ, ಬರಬರುತ್ತ ಮಂದವಾಗುತ್ತದೆ. ಅಗೆ ಹಾಕುವುದಕ್ಕೆ ಮಳೆಯ ಹದವಿರುವಂತೆ ಇದಕ್ಕೂ ಒಂದು ಹದವುಂಟು. ಇತ್ತ ಮಲಗಿದ ದೇಹವಾದರೋ ಸುಮ್ಮನಿರುವುದಿಲ್ಲ: ಮಾಂಸಖಂಡ ಕರಗುತ್ತದೆ, ಕೀಲುಗಳು ಬಿಗಿಯುತ್ತವೆ, ಬೆನ್ನಿನಲ್ಲಿ ಹುಣ್ಣಾಗುತ್ತದೆ, ಕಾಲಿನ ರಕ್ತ ಹೆಪ್ಪುಗಟ್ಟುತ್ತದೆ, ಶ್ವಾಸಕೋಶದಲ್ಲಿ ಕಫ ನಿಲ್ಲುತ್ತದೆ.

ಹಾಗಾದರೆ ಮೊದಲ ದಿನವೇ ರೋಗಿಯನ್ನು ಎಬ್ಬಿಸಿ ನಡೆಯಿಸಬೇಕೆ? ನನಗೂ ಹಾಗೆಯೇ ತೋರಿತ್ತು. ತಪ್ಪು ಮಾಡಿದವನು ಇನ್ನೊಂದು ಕೊನೆಗೆ ಹಾರುವುದು ಸಹಜವಷ್ಟೆ. ಆದರೆ ಆಸ್ಟ್ರೇಲಿಯ, ಬ್ರಿಟನ್ ಮೊದಲಾದ ಐದು ದೇಶಗಳ 2,104 ರೋಗಿಗಳನ್ನು ಎರಡು ಪಂಗಡವಾಗಿಸಿ ನಡೆಸಿದ 'ಅವರ್ಟ್' ಎಂಬ ಪರೀಕ್ಷೆಯ ಫಲ 2015ರಲ್ಲಿ ಪ್ರಕಟವಾಯಿತು. 24 ಗಂಟೆಯೊಳಗೆ ಎಬ್ಬಿಸಿ, ಪದೇಪದೇ, ಹೆಚ್ಚು ಹೊತ್ತು ದುಡಿಸಿದವರಲ್ಲಿ ಮೂರು ತಿಂಗಳ ಬಳಿಕ ಚೆನ್ನಾಗಿ ಸುಧಾರಿಸಿದವರು ನೂರಕ್ಕೆ 46. ವಾಡಿಕೆಯ ಆರೈಕೆ ಪಡೆದವರಲ್ಲಿ 50. ಮೊದಲ ದಿನದ ಆತುರವೂ ಕೆಡುಕೇ. ಗಾಯಗೊಂಡ ಮಿದುಳಿಗೆ ರಕ್ತದೊತ್ತಡ ನೆಲೆಗೊಳ್ಳುವಷ್ಟು ಬಿಡುವು ಬೇಕು; ಅನಂತರ ವೈದ್ಯರ ಅನುಮತಿಯಿಂದ, ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಹಲವು ಸಲ.

2021ರಲ್ಲಿ ಅಮೆರಿಕದಿಂದ ಇನ್ನೊಂದು ಫಲಿತಾಂಶ ಬಂದಿತು. 72 ರೋಗಿಗಳ ಚಿಕ್ಕ ಪರೀಕ್ಷೆ ಅದು. ಅದರ ಭಾರವನ್ನು ಅಷ್ಟರಲ್ಲಿಯೇ ಇಟ್ಟುಕೊಳ್ಳಬೇಕು. ಎಂದಿನ ಚಿಕಿತ್ಸೆಯ ಮೇಲೆ 20 ಗಂಟೆಗಳ ಹೆಚ್ಚಿನ ಕೈಸಾಧನೆಯನ್ನು ಕೆಲವರಿಗೆ ಮೊದಲ ತಿಂಗಳಲ್ಲಿ, ಕೆಲವರಿಗೆ ಎರಡು ಮೂರು ತಿಂಗಳ ನಡುವೆ, ಕೆಲವರಿಗೆ ಆರು ತಿಂಗಳು ಕಳೆದ ಮೇಲೆ ಕೊಟ್ಟರು. ಎರಡು ಮೂರು ತಿಂಗಳ ನಡುವೆ ಪಡೆದವರಿಗೆ ಎಲ್ಲಕ್ಕಿಂತ ಹೆಚ್ಚು ಲಾಭವಾಯಿತು; ಮೊದಲ ತಿಂಗಳಿನವರಿಗೆ ಅದಕ್ಕಿಂತ ಕಡಮೆ; ಆರು ತಿಂಗಳ ಅನಂತರದವರಿಗೆ ಹೇಳತಕ್ಕ ಲಾಭವೇನೂ ಆಗಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮಾವನವರ ಆ ತಿಂಗಳುಗಳು ಅಡಿಕೆ ಸುಲಿಯುವುದರಲ್ಲಿ ಕಳೆದುಹೋಗಿದ್ದವು.

ಮನೆಯವರೇ ಕಲಿತು ಮಾಡಿಸಿದರಾಗದೆ ಎಂದು ಕೇಳುವಿರಿ. ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. 'ಅಟೆಂಡ್' ಎಂಬ ಆ ಪರೀಕ್ಷೆಯ ವರದಿ 2017ರಲ್ಲಿ ಹೊರಬಿತ್ತು. ಮನೆಯವರಿಗೆ ತರಬೇತು ಕೊಟ್ಟ ಪಂಗಡದಲ್ಲಿಯೂ, ಕೊಡದ ಪಂಗಡದಲ್ಲಿಯೂ, ಆರು ತಿಂಗಳಲ್ಲಿ ತೀರಿಕೊಂಡವರು ಅಥವಾ ಪರಾಧೀನರಾಗಿ ಉಳಿದವರು ನೂರಕ್ಕೆ 47 ಮಂದಿಯೇ. ಮನೆಯ ಆರೈಕೆ ವ್ಯರ್ಥವೆಂದು ನಾನು ಇದರಿಂದ ತಿಳಿಯುವುದಿಲ್ಲ. ಅದು ಫಿಸಿಯೊಥೆರಪಿ ಬಲ್ಲವರ ಸ್ಥಾನವನ್ನು ತುಂಬಲಾರದೆಂದು ಮಾತ್ರ ತಿಳಿಯುತ್ತೇನೆ.

ಬಲ್ಲವರಿರುವಲ್ಲಿಗೆ ಹೋಗುವುದೇ ನಮ್ಮ ಸೀಮೆಯಲ್ಲಿ ಕಷ್ಟ. ಸಾಗರದವರು ಶಿವಮೊಗ್ಗೆಯತ್ತ ನೋಡಬೇಕು. ತೀರ್ಥಹಳ್ಳಿಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕು. ಹೊಸನಗರದವರಿಗೆ ಹುಲಿಕಲ್ ಘಾಟಿ. ಶರಾವತಿಯ ಹಿನ್ನೀರಿನಾಚೆ ತುಮರಿಯ ಕಡೆಯವರು 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ಲಾಂಚಿಗಾಗಿ ದಡದಲ್ಲಿ ಕಾಯುತ್ತಿದ್ದರು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕೆಂಬುದನ್ನು ನೆನೆದರೆ ಆ ಕಾಯುವಿಕೆಯ ಬೆಲೆ ತಿಳಿದೀತು. ಅಂಗಸಾಧನೆಗೆ ಅಷ್ಟು ಅವಸರವಿಲ್ಲ. ಆದರೆ ವಾರಕ್ಕೆ ಹಲವು ಬಾರಿ, ತಿಂಗಳುಗಟ್ಟಲೆ, ಮಳೆಗಾಲದಲ್ಲಿ ಕಾಲುಸಂಕ ದಾಟಿಸಿ ರೋಗಿಯನ್ನು ಒಯ್ಯುವುದು ಯಾರಿಂದಾದೀತು? ತಜ್ಞರು ತಾಲ್ಲೂಕಿನ ಆಸ್ಪತ್ರೆಯಿಂದ ಹಳ್ಳಿಗೆ ಬರುವಂತಾಗದೆ ಇದಕ್ಕೆ ಪರಿಹಾರ ನನಗೆ ಕಾಣದು.

ಅವರು ಬರುವತನಕ ಮನೆಯಲ್ಲಿ ತಪ್ಪಿಸಬಹುದಾದ ತಪ್ಪುಗಳಿವೆ. ನುಂಗುವ ಶಕ್ತಿಯನ್ನು ಬಲ್ಲವರು ನೋಡುವ ಮೊದಲು ನೀರನ್ನೂ ಬಾಯಿಗೆ ಹಾಕಬಾರದು. ಮಲಗಿದವರಿಗೆ ಗಂಜಿ ಹೊಯ್ಯಲೇಬಾರದು. ಬಿದ್ದ ಕೈಯನ್ನು ಹಿಡಿದೆಳೆದು ಎಬ್ಬಿಸಬಾರದು. ಭುಜದ ಕೀಲು ಜಾರುತ್ತದೆ. ಸ್ವಾಧೀನ ಮರಳುತ್ತಿರುವ ಕೈಯ ಕೆಲಸವನ್ನೆಲ್ಲ ನಾವೇ ಮಾಡಿಕೊಡುವುದೂ ಉಪಕಾರವಲ್ಲ.

ಮಾವನವರು ಈಗ ಕೋಲೂರಿಕೊಂಡು ತೋಟದ ಮೊದಲ ಸಾಲಿನವರೆಗೆ ಇಳಿಯುತ್ತಾರೆ. ಬೆರಳುಗಳು ಪೂರ್ತಿ ಬಿಚ್ಚಲಿಲ್ಲ. ಬೇಗ ತೊಡಗಿದ್ದರೆ ಎಷ್ಟು ಬಿಚ್ಚುತ್ತಿದ್ದವೋ, ನಿಶ್ಚಯವಾಗಿ ಹೇಳಬಲ್ಲವರಿಲ್ಲ. ಕಳೆದ ವರ್ಷ ನೆರೆಮನೆಯ ಹೆಂಗಸೊಬ್ಬರಿಗೆ ಇದೇ ರೋಗ ಬಂದಿತು. ಅವರು ಮನೆಗೆ ಬಂದ ಮರುದಿನವೇ ಮಾವನವರು ಜಗುಲಿಯಿಂದ ಜಗುಲಿಗೆ ಕೋಲೂರಿಕೊಂಡು ಹೋಗಿ, "ಕೊಯ್ಲಿಗೆ ನಮ್ಮ ಮನೆಯ ಆಳು ಕಳುಹಿಸುತ್ತೇನೆ, ನೀವು ಇವರನ್ನು ಶಿವಮೊಗ್ಗೆಗೆ ಕರೆದುಕೊಂಡು ಹೊರಡಿ" ಎಂದು ತೊದಲುತ್ತಲೇ ಹೇಳಿಬಂದರಂತೆ.