ಮೊದಲ ವಾರವೇ ಎದ್ದು ನಿಲ್ಲಿ

(ಭದ್ರಾವತಿಯ ವಿದ್ಯಾರ್ಥಿನಿಲಯವೊಂದರಲ್ಲಿ, ಕಾಲೇಜಿಗೆ ಹೊಸದಾಗಿ ಸೇರಿದ ಗೆಳೆಯರ ಮುಂದೆ ಆಡಿದ ಮಾತು. ಕೇಳಿದವರು ಬರೆದುಕೊಡು ಅಂದದ್ದಕ್ಕೆ ಬರೆದದ್ದು.)

ಗೆಳೆಯರೇ, ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಬಂದಿರುವ ತಂಗಿಯರೇ,

ನನ್ನನ್ನು ಕವಿ ಅಂತ ಪರಿಚಯ ಮಾಡಿಕೊಟ್ಟರು. ಇವತ್ತು ಕವಿತೆ ಓದೋದಿಲ್ಲ. ಸೋಮವಾರ ನಿಮ್ಮ ಕಾಲೇಜು ಶುರು. ಈಗತಾನೆ ಕೈ ಎತ್ತಿಸಿದಾಗ ನೋಡಿದೆ, ಇಲ್ಲಿ ಕೂತಿರೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತುತ್ತಿರುವ ಮೊದಲಿಗರು. ನಾನೂ ಹಾಗೇ ಹತ್ತಿದವನು. ಆ ಮೊದಲ ವಾರದಲ್ಲಿ ನಾನು ಮಾಡಿದ ಒಂದು ತಪ್ಪನ್ನ ನಿಮಗೆ ಹೇಳಿ ಹೋಗೋಣ ಅಂತ ಬಂದಿದ್ದೀನಿ.

ಯಾವ ಕಾಲೇಜು ಅನ್ನೋದು ಬೇಡ. ನಾಲ್ಕನೇ ದಿನ ಇರಬೇಕು, ಇತಿಹಾಸದ ಕ್ಲಾಸು ನಡೀತಿತ್ತು. ಆಫೀಸಿನವರೊಬ್ಬರು ಉದ್ದನೆಯ ರಿಜಿಸ್ಟರು ಹಿಡಿದು ಬಾಗಿಲಲ್ಲಿ ನಿಂತರು. 'ಸ್ಕಾಲರ್‌ಶಿಪ್ಪಿಂದು ಪಟ್ಟಿ ಮಾಡ್ಬೇಕು ಸಾರ್' ಅಂದರು. ಮೇಷ್ಟ್ರು ಪಾಠ ನಿಲ್ಲಿಸಿದರು. 'ಎಸ್ಸಿ ಎಸ್ಟಿಯೋರು ಎದ್ದು ನಿಂತ್ಕೊಳ್ರಪ್ಪಾ.'

ಎಂಬತ್ತು ಜನರ ಕ್ಲಾಸು. ನನ್ನ ಪಕ್ಕ ಕೂತಿದ್ದ ಹುಡುಗ ಎರಡು ದಿನದ ಹಿಂದೆ ಬುತ್ತಿ ಬಿಚ್ಚುವಾಗ ಕೇಳಿದ್ದ: 'ನಿಮ್ದು ಯಾವ ಕಡೆ?' 'ಭದ್ರಾವತಿ ಕಡೆ' ಅಂದಿದ್ದೆ. 'ಅದಲ್ಲ ಕಣೋ, ಜನ ಯಾವ್ದು?' ಆಗ ನನ್ನ ಬಾಯಿಂದ ನಮ್ಮದಲ್ಲದ ಒಂದು ಜಾತಿಯ ಹೆಸರು ಬಂದಿತ್ತು. ಯೋಚನೆ ಮಾಡಿ ಹೇಳಿದ್ದೂ ಅಲ್ಲ. ಮಳೆ ಬಂದಾಗ ಕೈ ತಾನಾಗೇ ತಲೆ ಮೇಲೆ ಹೋಗುತ್ತಲ್ಲ, ಹಾಗೆ. ಈಗ ಎದ್ದರೆ ಆ ಸುಳ್ಳು ಬಯಲಾಗುತ್ತೆ. ಕಾಲು ಏಳಲಿಲ್ಲ.

ಮುಂದಿನ ಬೆಂಚಿಂದ ಒಬ್ಬ ಹುಡುಗಿ ಎದ್ದಳು. ಒಬ್ಬಳೇ. ಇಡೀ ಕ್ಲಾಸು ತಿರುಗಿ ನೋಡಿತು. ತನ್ನ ಹೆಸರು, ಅಪ್ಪನ ಹೆಸರು, ಊರು ಹೇಳಿದಳು. ಆಮೇಲೆ ಒಂದು ಸಲ ಹಿಂದೆ ತಿರುಗಿ ನೋಡಿ ಕೂತಳು. ನಾನು ನೋಟ್‌ಬುಕ್ಕಿನಲ್ಲಿ ಏನೋ ಬರೆಯುವವನ ಹಾಗೆ ತಲೆ ಬಗ್ಗಿಸಿದ್ದೆ. ಆ ಕ್ಲಾಸಿನಲ್ಲಿ ನಮ್ಮವರು ಒಂಬತ್ತು ಜನ ಇದ್ದೆವು ಅಂತ ವರ್ಷ ಮುಗಿಯೋ ಹೊತ್ತಿಗೆ ಗೊತ್ತಾಯಿತು.

ಎರಡು ವಾರ ಬಿಟ್ಟು ಯಾರೂ ಇಲ್ಲದ ಹೊತ್ತು ನೋಡಿ ಆಫೀಸಿನ ಕಿಟಕಿ ಹತ್ತಿರ ಹೋದೆ. ಪಟ್ಟಿ ಹೋಗಿಯಾಗಿದೆ ಅಂದರು. ಹಮಾಲಿ ಕೆಲಸದ ಅಪ್ಪ ಮಂಡಿಯಲ್ಲಿ ಸಾಲ ಎತ್ತಿ ಆ ವರ್ಷದ ಖರ್ಚು ತೂಗಿಸಿದ. ಸಾಲ ತೀರಿತು ಬಿಡಿ. ತೀರದೆ ಉಳಿದದ್ದು ಸುಳ್ಳು. ಮೂರು ವರ್ಷ ಅದನ್ನ ಸಾಕಬೇಕಾಯಿತು. 'ಜಾತ್ರೆಗೆ ನಿಮ್ಮನೆಗೆ ಬರ್ತೀನಿ ಕಣೋ' ಅಂತ ಪಕ್ಕದ ಹುಡುಗ ಅಂದರೆ ಅವ್ವಂಗೆ ಹುಷಾರಿಲ್ಲ ಅಂತಿದ್ದೆ. ಅವ್ವ ಇತ್ತ ಕೇಳೋಳು: 'ಯಾಕ್ಲಾ, ನಿನ್ನ ಗೆಣೆಕಾರ್ರು ಒಬ್ಬರೂ ಮನೆ ಕಡೆ ತಲೆ ಹಾಕಲ್ವಲ್ಲ?' ಅದಕ್ಕೂ ಇನ್ನೊಂದು ಸುಳ್ಳು.

ತಪ್ಪು ನಂದು ಒಬ್ಬಂದೇ ಅಂತ ನಾನು ಒಪ್ಪೋದಿಲ್ಲ. ಎಂಬತ್ತು ಜನರ ಎದುರು ಎದ್ದು ನಿಲ್ಲಿ ಅನ್ನೋ ಕ್ರಮವೇ ತಪ್ಪು. ಅಡ್ಮಿಶನ್ ಫಾರಂನಲ್ಲಿ ಜಾತಿ ಬರೆಸಿಕೊಂಡಿರುತ್ತಾರೆ, ಸರ್ಟಿಫಿಕೇಟು ಲಗತ್ತಿಸಿಕೊಂಡಿರುತ್ತಾರೆ. ಮತ್ತೆ ಕ್ಲಾಸಿಗೆ ಬಂದು ಕೇಳೋದು ಯಾಕೆ? ನೋಟೀಸ್ ಬೋರ್ಡಿಗೆ ಹಾಕಿದರೆ ಸಾಕು. ಅದಕ್ಕೇ ಸೋಮವಾರ ನೀವು ಮಾಡಬೇಕಾದ ಮೊದಲ ಕೆಲಸ: ನಾಲ್ಕೈದು ಜನ ಕೂಡಿ ಪ್ರಿನ್ಸಿಪಾಲರ ಹತ್ತಿರ ಹೋಗಿ. ಜಗಳಕ್ಕೆ ಹೋಗಬೇಡಿ. 'ಸಾರ್, ಪಟ್ಟಿಯನ್ನ ಆಫೀಸಿನಲ್ಲೇ ಮಾಡಿಸಿ, ಕ್ಲಾಸಿನಲ್ಲಿ ಎಬ್ಬಿಸಬೇಡಿ' ಅಂತ ಬರೆದು ಕೊಡಿ, ಕೊಟ್ಟಿದ್ದಕ್ಕೆ ಸಹಿ ತಗೊಳ್ಳಿ. ಕಾಲೇಜುಗಳಲ್ಲಿ ಜಾತಿ ತಾರತಮ್ಯದ ದೂರು ಕೇಳೋಕೆ ಒಬ್ಬ ಅಧಿಕಾರಿ ಇರಬೇಕು, ಸಮಾನ ಅವಕಾಶದ ಕೋಶ ಇರಬೇಕು ಅಂತ ಯುಜಿಸಿ 2012ರಲ್ಲೇ ನಿಯಮ ಮಾಡಿತು. ನಿಮ್ಮ ಕಾಲೇಜಿನಲ್ಲಿ ಆ ಕೆಲಸ ಯಾರು ನೋಡ್ತಾರೆ ಅಂತ ಅವತ್ತೇ ಕೇಳಿಕೊಳ್ಳಿ. ಅಷ್ಟಾದ ಮೇಲೂ ಯಾರಾದರೂ ರಿಜಿಸ್ಟರು ಹಿಡಿದು ಬಂದರೆ, ಒಂಬತ್ತು ಜನ ಇದ್ದರೆ ಒಂಬತ್ತೂ ಜನ ಏಳಿ.

ಈ ಸ್ಕಾಲರ್‌ಶಿಪ್ಪು ಯಾರೋ ಕೈ ನೀಡಿ ಕೊಡೋ ಭಿಕ್ಷೆ ಅಂತ ತಿಳಿಯಬೇಡಿ. ಪರಿಶಿಷ್ಟರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಿಂದ ಇದೆ. ಬಾಬಾಸಾಹೇಬರು ಆಗ ವೈಸರಾಯ್ ಮಂಡಳಿಯಲ್ಲಿ ಸದಸ್ಯರಾಗಿದ್ದರು. ಈಗ ಅದು ಎಸ್‌ಎಸ್‌ಪಿ ಪೋರ್ಟಲಿಗೆ ಬಂದಿದೆ. ನಾಡಕಚೇರಿಯಿಂದ ತಂದ ಜಾತಿ ಮತ್ತು ಆದಾಯ ಪತ್ರದ ಆರ್‌ಡಿ ನಂಬರು ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿರಬೇಕು. ಬರೀ ಲಿಂಕ್ ಆದರೆ ಸಾಲದು, ಬ್ಯಾಂಕಿನವರನ್ನೇ ಕೇಳಿ ಖಚಿತ ಮಾಡಿಕೊಳ್ಳಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಸ್ಪೆಲಿಂಗು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಈ ವಾರವೇ ಸರಿ ಮಾಡಿಸಿ. ಹಣ ಬಾರದೆ ಸಿಕ್ಕಿಹಾಕಿಕೊಂಡ ಹುಡುಗರು ಅಲ್ಲೇ ಎಡವಿದ್ದನ್ನ ನಾನು ಕಂಡಿದ್ದೀನಿ. ಕೊನೇ ದಿನದ ತನಕ ಕಾದರೆ ಸೈಬರ್ ಸೆಂಟರಿನಲ್ಲಿ ಸರ್ವರ್ ಇಲ್ಲ ಅಂತಾರೆ. ಈ ಹಣ ಒಬ್ಬ ವಿದ್ಯಾರ್ಥಿಗೆ ಏನು ಅನ್ನೋದನ್ನ ಹೈದರಾಬಾದಿನ ರೋಹಿತ್ ವೇಮುಲ ವಿಷಯದಲ್ಲಿ ನೋಡಿದೆವು. 2015ರ ಜುಲೈನಿಂದ ಆತನ ಫೆಲೋಶಿಪ್ ಹಣ ನಿಂತಿತ್ತು. 2016ರ ಜನವರಿ 17ರಂದು ಆತ ನಮ್ಮನ್ನು ಬಿಟ್ಟು ಹೋದ.

ಹೊಸ ಜಾಗದಲ್ಲಿ ಮೊದಲ ವಾರ ಯಾರಿಗೂ ಸಲೀಸಲ್ಲ ಕಣ್ರಪ್ಪಾ. 1913ರ ಜುಲೈನಲ್ಲಿ ಬಾಬಾಸಾಹೇಬರು ನ್ಯೂಯಾರ್ಕಿಗೆ ಇಳಿದಾಗ 22 ವರ್ಷ. ಬರೋಡದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ, ತಿಂಗಳಿಗೆ 11.5 ಪೌಂಡು. ಕೊಲಂಬಿಯಾದ ಹಾರ್ಟ್ಲಿ ಹಾಲ್ ಅನ್ನೋ ಹಾಸ್ಟೆಲು ಸೇರಿದರು. ಅಲ್ಲಿಯ ಊಟ ಒಗ್ಗಲಿಲ್ಲ. ಒಂದು ವಾರಕ್ಕೆಲ್ಲ ಜಾಗ ಬದಲಾಯಿಸಿದರು. ಆಮೇಲೆ ಲಿವಿಂಗ್‌ಸ್ಟನ್ ಹಾಲ್‌ನಲ್ಲಿ ನವಲ್ ಭಥೇನ ಅನ್ನೋ ಪಾರ್ಸಿ ಹುಡುಗನ ಜೊತೆ ಇದ್ದರು. ಅರ್ಧಕ್ಕೆ ನಿಂತ ಓದು ಮುಗಿಸೋಕೆ 1920ರಲ್ಲಿ ಲಂಡನ್ನಿಗೆ ಮತ್ತೆ ಹೊರಟಾಗ ಸಾಲ ಕೊಟ್ಟವನು ಇದೇ ಭಥೇನ. ಹಾಸ್ಟೆಲ್ ಗೆಳೆತನ ಏಳು ವರ್ಷ ಕಳೆದು ಕೈ ಹಿಡಿಯಿತು. ನಮ್ಮ ಹಾಸ್ಟೆಲಿನ ಸಾರಿನ ಬಗ್ಗೆ ನಿಮಗಿರೋ ದೂರು ನನಗೆ ಗೊತ್ತು. ಅದನ್ನೂ ಬರೆದು ಕೊಡಿ, ಆದರೆ ಗಂಟುಮೂಟೆ ಕಟ್ಟಿ ಊರಿಗೆ ಮಾತ್ರ ಹೋಗಬೇಡಿ. ಮೊದಲ ಶನಿವಾರ ಊರಿಗೆ ಹೋದವರಲ್ಲಿ ಕೆಲವರು ಸೋಮವಾರ ವಾಪಸು ಬರೋದೇ ಇಲ್ಲ.

ಐಚ್ಛಿಕ ವಿಷಯ ಆರಿಸೋದೂ ಇದೇ ವಾರವೇ. 'ನಿಮಗ್ಯಾಕೆ ಅದು, ಕಷ್ಟ ಆಗುತ್ತೆ, ಸುಲಭದ್ದು ತಗೊಳ್ಳಿ' ಅಂತ ಹೇಳೋರು ಸಿಗ್ತಾರೆ. ಪ್ರೀತಿಯಿಂದಲೇ ಹೇಳ್ತಾರೆ, ಅದೇ ಕಷ್ಟ. ಹೈಸ್ಕೂಲಿನಲ್ಲಿ ಅಂಬೇಡ್ಕರರಿಗೆ ಸಂಸ್ಕೃತ ಓದಲು ಬಿಡಲಿಲ್ಲ, ಪರ್ಷಿಯನ್ ಓದಬೇಕಾಯಿತು. ಸಂಸ್ಕೃತವನ್ನ ಆಮೇಲೆ ತಾವೇ ಕಷ್ಟಪಟ್ಟು ಕಲಿತರು. ಇತಿಹಾಸ ಬೇಕು ಅನ್ನಿಸಿದರೆ ಇತಿಹಾಸ, ಇಂಗ್ಲಿಷ್ ಬೇಕು ಅನ್ನಿಸಿದರೆ ಇಂಗ್ಲಿಷ್. ಕ್ಲಾಸಿನಲ್ಲಿ ಅರ್ಥ ಆಗದಿದ್ದರೆ 'ಸಾರ್, ಇನ್ನೊಂದ್ಸಲ ಕನ್ನಡದಲ್ಲಿ ಹೇಳಿ' ಅನ್ನಿ. ಒಬ್ಬ ಕೇಳಿದರೆ ಹಿಂದಿನ ಬೆಂಚಿನ ಹತ್ತು ಜನರಿಗೆ ಉಸಿರು ಬರುತ್ತೆ. ಅವರಲ್ಲಿ ಎಲ್ಲ ಜಾತಿಯವರೂ ಇರ್ತಾರೆ.

ಈ ಊರಿನ ಬಗ್ಗೆ ಎರಡು ಮಾತು. ನಮ್ಮ ಅಪ್ಪಂದಿರ ಕಾಲದಲ್ಲಿ ಓದು ಬಿಟ್ಟರೂ ಕಾರ್ಖಾನೆ ಇದೆ ಅನ್ನೋ ಧೈರ್ಯ ಇತ್ತು. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, ಆಮೇಲೆ ಕಾಗದದ ಕಾರ್ಖಾನೆ. ಕಾಗದದ್ದು 2015ರ ಹೊತ್ತಿಗೆ ನಿಂತಿತು. ಕಬ್ಬಿಣದ್ದನ್ನ ಮುಚ್ಚುವ ಮಾತು 2023ರ ಜನವರಿಯಲ್ಲಿ ಬಂದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ನಿಮ್ಮಲ್ಲಿ ಕೆಲವರ ಅಪ್ಪಂದಿರು ಅಲ್ಲಿದ್ದರು. ಆ ಧೈರ್ಯ ನಮಗಿಲ್ಲ.

ಇದೇ ಭದ್ರಾವತಿಯ ಸರ್ಕಾರಿ ಕಾಲೇಜಿನಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಕನ್ನಡ ಪಾಠ ಮಾಡುತ್ತಿದ್ದರು. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಬೂಸಾ ಅನ್ನೋ ಮಾತಾಡಿದ್ದಕ್ಕೆ ರಾಜ್ಯದ ಹಲವು ಕಡೆ ದಲಿತ ವಿದ್ಯಾರ್ಥಿಗಳು ಏಟು ತಿಂದರು. ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಏಟು ತಿಂದ ಹುಡುಗರು ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋದರು. ಆ ಹುಡುಕಾಟದಿಂದಲೇ ದಲಿತ ಸಂಘರ್ಷ ಸಮಿತಿ ಎದ್ದಿತು, ಕೃಷ್ಣಪ್ಪ ಮೇಷ್ಟ್ರು ಅದನ್ನ ಕಟ್ಟಿದರು. ಅವರೂ ಹಾಸ್ಟೆಲು, ಕಾಲೇಜುಗಳ ಹುಡುಗರೇ. ನಮ್ಮ ಕ್ಲಾಸಿನ ಒಂಬತ್ತು ಜನ ಒಬ್ಬರನ್ನೊಬ್ಬರು ಹುಡುಕಿಕೊಳ್ಳದೆ ವರ್ಷ ಕಳೆದೆವಲ್ಲ ಅಂತ ನನಗೆ ಇವತ್ತಿಗೂ ನಾಚಿಕೆ.

ಹಂಗಾದ್ರೆ ಯಾರು ಕೇಳಿದರೂ ಜಾತಿ ಹೇಳಬೇಕಾ ಅಂತ ಒಬ್ಬ ತಮ್ಮ ಆಗಲೇ ಕೇಳಿದ. ಬಾಡಿಗೆ ರೂಮಿಗೆ ಅಂತ ಶಿವಮೊಗ್ಗದಲ್ಲಿ ಬೀದಿ ಬೀದಿ ಅಲೆದು ಕೊನೆಗೆ ಸುಳ್ಳು ಹೇಳಿದವರನ್ನ ನಾನು ಬೈಯೋದಿಲ್ಲ. ತಲೆ ಮೇಲೆ ಸೂರು ಬೇಕು. ಆದರೆ ಪಕ್ಕ ಕೂತು ಊಟ ಮಾಡೋ ಗೆಳೆಯನಿಗೆ ಮೊದಲ ದಿನವೇ ಹೇಳಿಬಿಡಿ. ನನ್ನ ಪಕ್ಕದ ಹುಡುಗನಿಗೆ ಗೊತ್ತಾದದ್ದು ಕೊನೇ ವರ್ಷ, ನನ್ನದೊಂದು ಕವಿತೆ ಓದಿ. 'ಮೊದ್ಲೇ ಹೇಳಕ್ಕೇನಾಗಿತ್ತೋ ನಿಂಗೆ' ಅಂದ. ಆ ವಾರವೇ ನಮ್ಮನೆಗೆ ಬಂದು ಉಂಡ. ಇನ್ನೊಬ್ಬ ಮಾತು ಬಿಟ್ಟ. ಮೊದಲ ವಾರವೇ ಬಿಟ್ಟಿದ್ದರೆ ಮೂರು ವರ್ಷ ಉಳೀತಿತ್ತು.

ಎದ್ದು ನಿಂತ ಹುಡುಗಿ ಬಿ.ಇಡಿ. ಮುಗಿಸಿ ಈಗ ಟೀಚರ್. ಕಳೆದ ವರ್ಷ ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಅವತ್ತಿನದನ್ನ ನೆನೆಸಿ ಕ್ಷಮಿಸು ಅಂದೆ. 'ನಿಂತಿದ್ದಕ್ಕೆ ನಂಗೇನೂ ಅನ್ನಿಸ್ಲಿಲ್ಲ. ಹಿಂದೆ ತಿರುಗಿ ನೋಡ್ದಾಗ ಒಬ್ರೂ ಇರ್ಲಿಲ್ವಲ್ಲ, ಅದಕ್ಕೆ ಅಳು ಬಂದಿತ್ತು' ಅಂದಳು. ಅಷ್ಟರಲ್ಲಿ ಅವಳ ಬಸ್ಸು ಬಂತು.

ನಾಳೆ ಭಾನುವಾರ. ಹತ್ತು ಗಂಟೆಗೆ ಇದೇ ಊಟದ ಹಾಲಿನಲ್ಲಿ ಸೇರೋಣ. ಆಧಾರ್, ಪಾಸ್‌ಬುಕ್ಕು, ಮಾರ್ಕ್ಸ್ ಕಾರ್ಡು, ಆರ್‌ಡಿ ನಂಬರು ತನ್ನಿ. ಸೀನಿಯರ್ ಇಬ್ಬರು ಲ್ಯಾಪ್‌ಟಾಪ್ ತರ್ತಾರೆ. ಶಿವಮೊಗ್ಗದ ಕಾಲೇಜುಗಳಿಗೆ ಓಡಾಡೋರು ಬೇರೆ ಬೇರೆ ಹೋಗಬೇಡಿ, ಯಾರು ಯಾವ ಬಸ್ಸಿಗೆ ಅನ್ನೋದನ್ನ ನಾಳೆಯೇ ಗೊತ್ತು ಮಾಡಿಕೊಳ್ಳಿ. ಪ್ರಿನ್ಸಿಪಾಲರಿಗೆ ಕೊಡೋ ಅರ್ಜಿಯನ್ನ ನಾನು ಬರೆದು ತಂದಿದ್ದೀನಿ. ಓದಿ, ತಿದ್ದಿ, ಸಹಿ ಮಾಡಿ.

ಜೈ ಭೀಮ್.