ಉಳಿಕೆ ತುಂಡುಗಳ ಸೈನ್ಯ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನನ್ನ ಹವ್ಯಾಸದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದಾಗ ಸಂಕೋಚವಾಯಿತು. ಈ ವಯಸ್ಸಿನಲ್ಲಿ ನಾನು ಗೊಂಬೆ ಸಿಪಾಯಿಗಳನ್ನು ಮಾಡುತ್ತೇನೆ! ಹೆಬ್ಬೆರಳಿಗಿಂತ ಚಿಕ್ಕ ರಾಕ್ಷಸರು, ಬಿಲ್ಲುಗಾರರು, ಮಾಂತ್ರಿಕರು. ಇವರನ್ನು ಮೇಜಿನ ಮೇಲೆ ಎದುರುಬದುರು ನಿಲ್ಲಿಸಿ, ಟೇಪಿನಲ್ಲಿ ನಡೆ ಅಳೆದು, ದಾಳ ಹಾಕಿ ಯುದ್ಧದ ಆಟ ಆಡುತ್ತಾರೆ. ಆಟಿಕೆ ಸಿಪಾಯಿಗಳ ಯುದ್ಧಕ್ಕೆ ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲೇ ನಿಯಮಗಳ ಪುಸ್ತಕ ಬರೆದಿದ್ದರು. ರಾಕ್ಷಸರು, ಮಾಂತ್ರಿಕರು ಕಾದಾಡುವ 'ವಾರ್‌ಹ್ಯಾಮರ್' ಆಟ ಅಲ್ಲಿಯೇ 1983ರಲ್ಲಿ ಬಂತು. ಆನೆ, ಕುದುರೆ, ಕಾಲಾಳುಗಳ ಚದುರಂಗ ಆಡಿದ ನಮಗೆ ಇದು ತೀರಾ ಹೊಸದೇನಲ್ಲ.

ಈ ಗೊಂಬೆಗಳ ಪೆಟ್ಟಿಗೆ ದುಬಾರಿ. ನಾನು ಶುರು ಮಾಡಿದ್ದು ಗೆಳೆಯನೊಬ್ಬ ಕೊಟ್ಟ ಉಳಿಕೆಯಿಂದ. ಪೆಟ್ಟಿಗೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ತಲೆ, ಕೈ, ಕತ್ತಿ ಇರುತ್ತವೆ. ಜೋಡಿಸಿದ ಮೇಲೆ ಅವು ಮಿಗುತ್ತವೆ. ಒಬ್ಬನ ತಲೆ, ಇನ್ನೊಬ್ಬನ ಕೈ, ಪೆನ್ನಿನ ಮುಚ್ಚಳದ ಕವಚ, ಗಡಿಯಾರದ ಹಲ್ಲುಚಕ್ರದ ಗುರಾಣಿ. ಹೀಗೆ ನನ್ನ ಮೊದಲ ಸೈನ್ಯ ಎದ್ದು ನಿಂತಿತು.

ಅದಕ್ಕೊಂದು ಕ್ರಮವಿದೆ. ಮೊದಲು ಅಂಟು ಹಾಕದೆ ಜೋಡಿಸಿ ನೋಡಬೇಕು. ಅಂಟಿಸಿದ ಮೇಲೆ ಸಂದಿಗಳಿಗೆ ಎಂ-ಸೀಲ್ ತುಂಬಿ, ಒಣಗಿದ ನಂತರ ಉಜ್ಜಬೇಕು. ಆಮೇಲೆ ಇಡೀ ಗೊಂಬೆಗೆ ಒಂದೇ ಬಣ್ಣದ ಪ್ರೈಮರ್. ಅದು ಬಿದ್ದ ಮೇಲೆ ಯಾವ ಕೈ ಯಾವ ಪೆಟ್ಟಿಗೆಯದು ಎಂದು ಗೊತ್ತೇ ಆಗುವುದಿಲ್ಲ. ಬಣ್ಣ ಹಚ್ಚಿ, ಮೇಲೆ ನೀರಾದ ಕಪ್ಪು ಬಣ್ಣ ಬಿಟ್ಟರೆ ಅದು ತಗ್ಗಿಗಿಳಿದು ನೆರಳಾಗುತ್ತದೆ. ಒಣ ಬ್ರಷ್ಷಿನಲ್ಲಿ ತಿಳಿ ಬಣ್ಣ ಸವರಿದರೆ ಉಬ್ಬು ಭಾಗ ಬೆಳಗುತ್ತದೆ.

ಇದೆಲ್ಲ ಹೊರಗಿನ ವಿದ್ಯೆ ಎಂದುಕೊಂಡಿದ್ದೆ. ಆಮೇಲೆ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಕೆಲಸ ತಿಳಿಯಿತು. ಅವರು ಗೋಣಿಯ ಚಿಂದಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ 'ಕಿಟ್ಟ' ಮಾಡುತ್ತಾರೆ. ಹಗುರ ಮರದ ತುಂಡುಗಳನ್ನು ಜೋಡಿಸಿ, ಅದನ್ನು ಮೆತ್ತಿ, ಮೇಲೆ ಕಲ್ಲುಪುಡಿಯ ಲೇಪ ಕೊಟ್ಟು, ಆಮೇಲೆಯೇ ಬಣ್ಣ ಹಚ್ಚುತ್ತಾರೆ. ನನ್ನ ಎಂ-ಸೀಲು, ಪ್ರೈಮರು ಅವರಲ್ಲಿ ಎಂದಿನಿಂದಲೋ ಇವೆ!

ನಮ್ಮ ಮನೆಯ ದಸರಾ ಗೊಂಬೆಗಳಲ್ಲಿ ಒಬ್ಬ ಮಣ್ಣಿನ ಸಿಪಾಯಿಯ ಕೈ ಮುರಿದಿತ್ತು. ಅಮ್ಮನ ತವರಿನ ಗೊಂಬೆ ಅದು. ಭಿನ್ನವಾದದ್ದನ್ನು ಕೂರಿಸಬಾರದೆಂದು ಹಳೆ ಸೀರೆಯಲ್ಲಿ ಸುತ್ತಿ ಅಟ್ಟದಲ್ಲಿಟ್ಟಿದ್ದರು. ಎಸೆಯಲು ಮನಸ್ಸಿರಲಿಲ್ಲ. ಒಂದು ವರ್ಷ ನನ್ನ ಡಬ್ಬಿಯ ರಾಕ್ಷಸನ ಕೈಯೊಂದನ್ನು ಅವನಿಗೆ ಕೂಡಿಸಿದೆ. ಚಿಕ್ಕದಾಯಿತು. ಎಂ-ಸೀಲ್ ಮೆತ್ತಿ ತೋಳು ತುಂಬಿಸಿ, ಬಣ್ಣ ಹಚ್ಚಿದೆ. ಅಮ್ಮ ತಿರುಗಿಸಿ ತಿರುಗಿಸಿ ನೋಡಿ, "ತೋಳು ಸ್ವಲ್ಪ ದಪ್ಪವಾಯ್ತು ಕಣೋ" ಎಂದರು. ಆದರೆ ಮೊದಲ ಸಾಲಿನಲ್ಲೇ ನಿಲ್ಲಿಸಿದರು. ಅಮ್ಮ ಈಗಿಲ್ಲ. ಸಿಪಾಯಿ ಅದೇ ಸಾಲಿನಲ್ಲಿದ್ದಾನೆ.

ಮಕ್ಕಳೇ, ಬಡಾವಣೆಯ ಗುಜರಿ ಅಂಗಡಿಗೆ ಹೋಗುವ ಮುನ್ನ ಮುರಿದ ಆಟಿಕೆಯನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಿ. ಚಿತ್ರಕಲಾ ಕೊಠಡಿಗೆಂದು ಒಂದು ಡಬ್ಬಿ ತುಂಡುಗಳನ್ನು ತಂದಿದ್ದೇನೆ. ಮುಂದಿನ ದಸರಾ ವೇಳೆಗೆ ಅದರಿಂದ ಏನೆದ್ದು ನಿಂತಿದೆ ಎಂದು ನೋಡಲು ಬರುತ್ತೇನೆ.