ಸಿ.ಸಿ. ಕ್ಯಾಮರಾ ಹಾಕಿಸುವ ಮುನ್ನ ಸದಸ್ಯರು ತಿಳಿಯಬೇಕಾದ್ದು

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



 ಸಂಘ ಬೆಳೆದು ಬಂದ ದಾರಿಯನ್ನು ಹಿರಿಯರು ಈಗಾಗಲೇ ಹೇಳಿದ್ದಾರೆ. ನನಗೆ ವಹಿಸಿದ ವಿಷಯ ಬೇರೆ. ಸಂಘದ ಕಚೇರಿಗೂ ಗೋಡೌನಿಗೂ ಸಿ.ಸಿ. ಕ್ಯಾಮರಾ ಹಾಕಿಸಬೇಕೆಂದು ಆಡಳಿತ ಮಂಡಳಿಯ ಮುಂದೆ ವಿಷಯ ಬಂದಿದೆ. "ಅದಕ್ಯಾಕ್ರೀ ಅಷ್ಟು ದುಡ್ಡು" ಅನ್ನುವವರೂ ಇದ್ದಾರೆ, "ಹತ್ತು ಹಾಕಿಸಿಬಿಡಿ, ನಿಶ್ಚಿಂತೆ" ಅನ್ನುವವರೂ ಇದ್ದಾರೆ. ಇಬ್ಬರಿಗೂ ಉತ್ತರ ಹೇಳುವ ಪ್ರಯತ್ನ ಮಾಡುತ್ತೇನೆ.

ಮೊದಲಿಗೆ ಕಾಯಬೇಕಾದ್ದು ಏನು ಅಂತ ನೋಡೋಣ. ನಮ್ಮ ತಿಜೋರಿಯಲ್ಲಿರುವುದು ಸಂಘದ ಬಂಗಾರ ಅಲ್ಲ. ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ, ಮಗಳ ಫೀಜಿಗೆ ಅಂತ ಸದಸ್ಯರು ಅಡವಿಟ್ಟ ಸರ, ಬಳೆ, ಬೆಂಡೋಲೆ. ಚಾನಲ್ಲಿನ ಕೊನೆ ಭಾಗದ ರೈತರು ನಾವು. ನೀರು ಬಂದರೆ ಭತ್ತ, ಬರದಿದ್ದರೆ ಅಡವು. ಆ ಒಡವೆ ಹೋದರೆ ವಿಮೆಯವರು ತೂಕಕ್ಕೆ ಹಣ ಕೊಟ್ಟಾರು, ಅಜ್ಜಿ ಕೊಟ್ಟ ಸರ ಕೊಡೋದಿಲ್ಲ. ಜನರ ನಂಬಿಕೆಯನ್ನಂತೂ ಯಾರೂ ತಂದುಕೊಡಲಾರರು.

ಇನ್ನು ನಮ್ಮ ಜಿಲ್ಲೆಯಲ್ಲೇ ನಡೆದದ್ದು. 2024ರ ಅಕ್ಟೋಬರ್ ಕೊನೆಯ ವಾರ. ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಗೆ ನಾಲ್ಕನೇ ಶನಿವಾರ, ಭಾನುವಾರ ಎರಡು ದಿನ ರಜೆ. ಕಳ್ಳರು ಕಿಟಕಿಯ ಸರಳು ತೆಗೆದು ಒಳಗೆ ಹೋದರು, ಗ್ಯಾಸ್ ಕಟರ್‌ನಿಂದ ಲಾಕರ್ ಕೊಯ್ದರು, ಸುಮಾರು 17 ಕೆ.ಜಿ.ಗೂ ಮಿಕ್ಕಿದ ಅಡವಿನ ಬಂಗಾರ ಹೊತ್ತುಕೊಂಡು ಹೋದರು. ಬೆಲೆ 13 ಕೋಟಿ ರೂಪಾಯಿ ಆಸುಪಾಸು. ಪೊಲೀಸ್ ನಾಯಿ ವಾಸನೆ ಹಿಡಿಯಬಾರದೆಂದು ಖಾರದ ಪುಡಿ ಚೆಲ್ಲಿದ್ದರು. ಅಲ್ಲಿ ಕ್ಯಾಮರಾ ಇರಲಿಲ್ಲವೇ? ಇತ್ತು. ಆದರೆ ಕ್ಯಾಮರಾ ಕಂಡದ್ದನ್ನೆಲ್ಲಾ ಬರೆದಿಡುವ ಪೆಟ್ಟಿಗೆ, ಡಿ.ವಿ.ಆರ್. ಅಂತಾರಲ್ಲ, ಅದನ್ನೇ ಕಿತ್ತುಕೊಂಡು ಹೋದರು. ಕಣ್ಣು ಉಳಿಯಿತು, ನೆನಪು ಹೋಯಿತು. ದಾವಣಗೆರೆ ಜಿಲ್ಲೆಯ ಪೊಲೀಸರು ಐದು ತಿಂಗಳು ಬೆನ್ನು ಹತ್ತಿ 2025ರ ಮಾರ್ಚ್ ಕೊನೆಗೆ ಆರೋಪಿಗಳನ್ನು ಹಿಡಿದರು. ಬಂಗಾರದ ಬಹುಪಾಲು ಸಿಕ್ಕಿದ್ದು ತಮಿಳುನಾಡಿನ ಮಧುರೈ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಲ್ಲಿ. ಮುಖ್ಯ ಆರೋಪಿ ನ್ಯಾಮತಿಯಲ್ಲೇ ಅಂಗಡಿ ಇಟ್ಟುಕೊಂಡಿದ್ದವನು ಎಂದು ಪೊಲೀಸರು ಹೇಳಿದರು. ಅಂದರೆ ದಿನಾ ಆ ಬೀದಿಯಲ್ಲಿ ಓಡಾಡಿದವನು.

ಎರಡನೆಯದು ನಮ್ಮಂಥ ಸಹಕಾರಿ ಸಂಘದ್ದೇ. 2025ರ ಜನವರಿ 17, ಶುಕ್ರವಾರ. ದಕ್ಷಿಣ ಕನ್ನಡದ ಉಳ್ಳಾಲದ ಹತ್ತಿರ ಕೋಟೆಕಾರ್ ವ್ಯವಸಾಯ ಸೇವಾ ಸಹಕಾರಿ ಸಂಘದ ಕೆ.ಸಿ. ರೋಡ್ ಶಾಖೆಗೆ ಹಾಡುಹಗಲೇ ಆಯುಧ ಹಿಡಿದು ನುಗ್ಗಿ ಬಂಗಾರ ದೋಚಿದರು. ಅವತ್ತು ಅಲ್ಲಿಯ ಕ್ಯಾಮರಾ ದುರಸ್ತಿಯಲ್ಲಿತ್ತು. ಆಮೇಲೆ ಪೊಲೀಸರು ಆರೋಪಿಗಳನ್ನು ಹಿಡಿದು ಬಂಗಾರ ವಶಪಡಿಸಿಕೊಂಡರು.

ಮೂರನೆಯದು 2025ರ ಮೇ ತಿಂಗಳಲ್ಲಿ, ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಲ್ಲಿ. ಹೋದದ್ದು ಸುಮಾರು 59 ಕೆ.ಜಿ. ಬಂಗಾರ. ಪೊಲೀಸರು ಬಂಧಿಸಿದವರಲ್ಲಿ ಅದೇ ಶಾಖೆಯಲ್ಲಿ ಹಿಂದೆ ಮ್ಯಾನೇಜರ್ ಆಗಿದ್ದವರೂ ಇದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತೇ ಎಂದು ಜನ ಕೇಳುವ ಹಾಗಾಯಿತು.

ಈ ಮೂರೂ ಕಡೆ ಕ್ಯಾಮರಾ ಇತ್ತು ಸ್ವಾಮಿ. ಹಾಗಾದರೆ ಕ್ಯಾಮರಾ ದಂಡವೇ? ಅಲ್ಲ. ನಾವು ಅದನ್ನು ಕಾವಲುಗಾರ ಅಂದುಕೊಳ್ಳುತ್ತೇವೆ, ಅದು ಸಾಕ್ಷಿ ಅಷ್ಟೇ. ಸಾಕ್ಷಿ ಕಳ್ಳನ ಕೈ ಹಿಡಿಯೋದಿಲ್ಲ. ಸಾಕ್ಷಿಯನ್ನು ನಾವೇ ಕಾಪಾಡಬೇಕು. ಇದೊಂದು ಮಾತು ತಲೆಯಲ್ಲಿದ್ದರೆ ಯಾವ ಕ್ಯಾಮರಾ, ಎಷ್ಟು, ಎಲ್ಲಿ ಅನ್ನುವುದು ತಾನಾಗಿ ತಿಳಿಯುತ್ತದೆ.

ಮೊದಲು ರೆಕಾರ್ಡರ್ ಪೆಟ್ಟಿಗೆ. ಸಾಮಾನ್ಯವಾಗಿ ಇದನ್ನು ಎಲ್ಲಿಡುತ್ತಾರೆ? ಕಾರ್ಯದರ್ಶಿಯ ಮೇಜಿನ ಮೇಲೆ, ಟಿ.ವಿ. ಪಕ್ಕದಲ್ಲಿ, ಬಂದವರಿಗೆಲ್ಲಾ ಕಾಣುವ ಹಾಗೆ. ಹಾಗೆ ಇಡಬಾರದು. ಬೇರೆ ಕೋಣೆಯಲ್ಲಿ, ಗೋಡೆಗೆ ಬಿಗಿದ ಕಬ್ಬಿಣದ ಕಪಾಟಿನಲ್ಲಿ, ಬೀಗ ಹಾಕಿ ಇಡಬೇಕು. ಗಾಳಿಯಾಡಲು ತೂತು ಇರಬೇಕು, ಇಲ್ಲಾಂದ್ರೆ ಕಾದು ಕೆಡುತ್ತದೆ. ಇಷ್ಟೇ ಸಾಲದು. ಬಾಗಿಲು ಮತ್ತು ತಿಜೋರಿ ಕೋಣೆಯ ಕ್ಯಾಮರಾದ ಚಿತ್ರ ಇಂಟರ್ನೆಟ್ ಮೂಲಕ ಬೇರೆ ಕಡೆಯೂ ಸಂಗ್ರಹವಾಗುವ ಏರ್ಪಾಡು ಬೇಕು. ಆಗ ಪೆಟ್ಟಿಗೆ ಹೋದರೂ ಚಿತ್ರ ಉಳಿಯುತ್ತದೆ.

ಎರಡನೆಯದು ಎಷ್ಟು ದಿನದ ಚಿತ್ರ ಉಳಿಯಬೇಕು ಅನ್ನುವುದು. ಇದರ ಲೆಕ್ಕ ಸುಲಭ. 2 ಮೆಗಾಪಿಕ್ಸೆಲ್‌ನ ಒಂದು ಕ್ಯಾಮರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ ಸುಮಾರು 21 ಜಿ.ಬಿ. ಆಗುತ್ತದೆ. ನಾಲ್ಕು ಕ್ಯಾಮರಾಕ್ಕೆ 85 ಜಿ.ಬಿ. ಆಸುಪಾಸು. 1 ಟಿ.ಬಿ. ಹಾರ್ಡ್ ಡಿಸ್ಕ್ ಹಾಕಿದರೆ 11-12 ದಿನಕ್ಕೆ ತುಂಬಿ, ಹಳೆಯದನ್ನು ತಾನೇ ಅಳಿಸುತ್ತಾ ಹೋಗುತ್ತದೆ. 30 ದಿನ ಉಳಿಯಬೇಕಾದರೆ ಎರಡೂವರೆ ಟಿ.ಬಿ. ಮೇಲೆಯೇ ಬೇಕು, ಅಂದರೆ 4 ಟಿ.ಬಿ. ಹಾಕಿಸುವುದು ಕ್ಷೇಮ. ಅದೂ ಹಗಲು ರಾತ್ರಿ ಓಡಲೆಂದೇ ತಯಾರಿಸಿದ ಡಿಸ್ಕ್ ಆಗಿರಬೇಕು. ಈ 30 ದಿನ ಅನ್ನುವುದು ನನ್ನ ಮಾತಲ್ಲ. ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ 2017ರಲ್ಲಿ ಬಂತು. ಒಂದೇ ಹೊತ್ತಿಗೆ 100 ಜನ, ಇಲ್ಲವೇ ದಿನಕ್ಕೆ 500 ಜನ ಸೇರುವಂಥ ಸಂಸ್ಥೆಗಳು ಕ್ಯಾಮರಾ ಇಡಬೇಕು, 30 ದಿನದ ಚಿತ್ರ ಉಳಿಸಬೇಕು ಎನ್ನುತ್ತದೆ. ಗೊಬ್ಬರ ಬಂದ ದಿನ ನಮ್ಮ ಬಾಗಿಲಲ್ಲಿ ಎಷ್ಟು ಜನ ಇರುತ್ತಾರೆ ಅಂತ ನೀವೇ ನೋಡಿದ್ದೀರಿ.

ಮೂರನೆಯದು ಕ್ಯಾಮರಾದ ಆಯ್ಕೆ. ಎರಡು ಪದ್ಧತಿ ಇವೆ. ಒಂದು, ದಪ್ಪ ಕೇಬಲ್ ಎಳೆದು ಡಿ.ವಿ.ಆರ್.ಗೆ ಜೋಡಿಸುವುದು. ಖರ್ಚು ಕಡಿಮೆ, ಸಣ್ಣ ಕಚೇರಿಗೆ, ಮನೆಗೆ ಸಾಕು. ಇನ್ನೊಂದು ಐ.ಪಿ. ಕ್ಯಾಮರಾ. ಕಂಪ್ಯೂಟರ್ ಕೇಬಲ್ ಒಂದರಲ್ಲೇ ಚಿತ್ರವೂ ಹೋಗುತ್ತದೆ, ಕರೆಂಟೂ ಬರುತ್ತದೆ. ಚಿತ್ರ ಸ್ಪಷ್ಟ, ಖರ್ಚು ಜಾಸ್ತಿ. ಈ ಕೇಬಲ್ ಒಂದೇ ಎಳೆಗೆ 100 ಮೀಟರ್ ದಾಟಬಾರದು. ಗೋಡೌನ್ ದೂರ ಇದ್ದವರು ಇದನ್ನು ಮೊದಲೇ ಅಳೆಯಬೇಕು.

ಎಷ್ಟು ಮೆಗಾಪಿಕ್ಸೆಲ್ ಅಂತ ಎಲ್ಲರೂ ಕೇಳುತ್ತಾರೆ, ಲೆನ್ಸ್ ಎಷ್ಟು ಎಂ.ಎಂ. ಅಂತ ಯಾರೂ ಕೇಳೋದಿಲ್ಲ. 2.8 ಎಂ.ಎಂ. ಲೆನ್ಸ್ ಇಡೀ ಕೋಣೆ ತೋರಿಸುತ್ತದೆ. ಆದರೆ 2 ಮೆಗಾಪಿಕ್ಸೆಲ್‌ನಲ್ಲಿ ಸುಮಾರು 10 ಅಡಿಯ ಆಚೆ ಇದ್ದವನು ಮನುಷ್ಯ ಅಂತ ಗೊತ್ತಾದೀತು, ಇಂಥವನೇ ಅಂತ ಹೇಳುವುದು ಕಷ್ಟ. 6 ಎಂ.ಎಂ. ಲೆನ್ಸ್ ಅಗಲ ಕಡಿಮೆ ನೋಡುತ್ತದೆ, 20-25 ಅಡಿಯಲ್ಲೂ ಮುಖ ತೋರಿಸುತ್ತದೆ. ಆದ್ದರಿಂದ ಒಳಗಿನ ಕೋಣೆಗೆ 2.8, ಗೇಟಿಗೆ ಮತ್ತು ಗೋಡೌನ್ ಅಂಗಳಕ್ಕೆ 6.

ನಾಲ್ಕನೆಯದು ಜಾಗ. ತೀರಾ ಎತ್ತರಕ್ಕೆ ಕಟ್ಟಿದರೆ ಕಾಣುವುದು ಟೋಪಿ, ಟವೆಲ್ಲು ಮಾತ್ರ. ಬಾಗಿಲ ಹತ್ತಿರ 8-9 ಅಡಿ ಎತ್ತರ, ಒಳಬರುವವನ ಮುಖಕ್ಕೆ ಎದುರಾಗಿ ಇರಬೇಕು. ಪೂರ್ವಕ್ಕೆ ಮುಖ ಮಾಡಿದ ಕ್ಯಾಮರಾಕ್ಕೆ ಬೆಳಿಗ್ಗೆ ಬಿಸಿಲು ಹೊಡೆದು ಎಲ್ಲ ಕಪ್ಪಾಗುತ್ತದೆ. ರಾತ್ರಿ ಇದರ ಹತ್ತಿರ ಹುಳ ಬರುತ್ತವೆ, ಹುಳಕ್ಕೆ ಜೇಡ ಬಂದು ಬಲೆ ಕಟ್ಟುತ್ತದೆ. ರೈಸ್ ಮಿಲ್ಲಿನ ಪಕ್ಕ, ಮೆಕ್ಕೆಜೋಳ ಒಕ್ಕುವ ಕಣದ ಪಕ್ಕ ಇದ್ದರೆ ಧೂಳು ಬೇರೆ. ಹದಿನೈದು ದಿನಕ್ಕೊಮ್ಮೆ ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಕಸ ಗುಡಿಸುವ ಹಾಗೆ ಇದೂ ಒಂದು ಕೆಲಸ.

ಕರೆಂಟಿನ ಮಾತು ನಿಮಗೆ ಹೇಳಬೇಕಾಗಿಲ್ಲ. ಕರೆಂಟ್ ಹೋದಾಗ ಕ್ಯಾಮರಾ ಕುರುಡಾದರೆ ಕಳ್ಳ ಮೊದಲು ಫ್ಯೂಸ್ ಕೀಳುತ್ತಾನೆ. ರೆಕಾರ್ಡರ್, ಕ್ಯಾಮರಾ, ಇಂಟರ್ನೆಟ್ ಪೆಟ್ಟಿಗೆ ಮೂರಕ್ಕೂ ಯು.ಪಿ.ಎಸ್. ಬೇಕು. ಮೀಟರ್ ಬೋರ್ಡಿಗೂ ಒಂದು ಬೀಗ ಇರಲಿ.

ಐದನೆಯದು ಪಾಸ್‌ವರ್ಡ್. ಪೆಟ್ಟಿಗೆಯ ಜೊತೆ ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಬಿಟ್ಟರೆ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಚಿಲಕಕ್ಕೇ ಕಟ್ಟಿದ ಹಾಗೆ. 2016ರಲ್ಲಿ ಮಿರಾಯ್ ಎಂಬ ವೈರಸ್ ಇಂಥ ಹಳೆ ಪಾಸ್‌ವರ್ಡ್ ಇದ್ದ ಕ್ಯಾಮರಾಗಳನ್ನೇ ಲಕ್ಷಗಟ್ಟಲೆ ಹಿಡಿದುಕೊಂಡು ಅಮೆರಿಕದ ದೊಡ್ಡ ವೆಬ್‌ಸೈಟುಗಳನ್ನು ನಿಲ್ಲಿಸಿಬಿಟ್ಟಿತು. 2025ರಲ್ಲಿ ಗುಜರಾತಿನ ರಾಜಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಕ್ಯಾಮರಾದಲ್ಲಿದ್ದ ಹೆಣ್ಣುಮಕ್ಕಳ ಚಿತ್ರ ಇಂಟರ್ನೆಟ್ಟಿಗೆ ಹೋಗಿ ದೇಶವೇ ತಲೆತಗ್ಗಿಸಿತು. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಹಾಕಿದವನು ಹೋದ ಕೂಡಲೇ ಪಾಸ್‌ವರ್ಡ್ ಬದಲಾಗಬೇಕು. ಕೊಳ್ಳುವಾಗಲೂ ಒಂದು ಎಚ್ಚರಿಕೆ: 2025ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಕ್ಯಾಮರಾಗಳಿಗೆ ಈ ಬಗೆಯ ಸುರಕ್ಷತೆಯ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಪರೀಕ್ಷೆ ಪಾಸಾದ ಮಾಲೇ ಎಂದು ಬಿಲ್ಲಿನಲ್ಲಿ ಮಾಡೆಲ್ ನಂಬರ್ ಸಮೇತ ಬರೆಸಿಕೊಳ್ಳಿ.

ಮನೆಗೆ ಹಾಕಿಸುವವರಿಗೆ ಎರಡು ಮಾತು. ದಾವಣಗೆರೆಯಲ್ಲಿ ಮಕ್ಕಳು ನೌಕರಿ ಮಾಡುತ್ತಾರೆ, ಊರಲ್ಲಿ ಮನೆ ಬೀಗ. ಹರಿಹರದಲ್ಲಿ ಅಂಗಡಿ, ರಾತ್ರಿ ಅಲ್ಲಿ ಯಾರೂ ಇಲ್ಲ. ಇಂಥವರು ವೈಫೈ ಕ್ಯಾಮರಾ ಹಾಕಿಸಿ ಫೋನಿನಲ್ಲಿ ನೋಡುತ್ತಾರೆ. ಅಡಿಕೆ ತೋಟಕ್ಕೆ, ಪಂಪ್‌ಸೆಟ್ಟಿನ ಹತ್ತಿರ ಸಿಮ್ ಹಾಕುವ ಸೋಲಾರ್ ಕ್ಯಾಮರಾ ಬಂದಿದೆ. ಒಳ್ಳೆಯದೇ. ಆದರೆ ಮೆಮೊರಿ ಕಾರ್ಡ್ ಕ್ಯಾಮರಾದ ಹೊಟ್ಟೆಯಲ್ಲೇ ಇರುತ್ತದೆ. ಕಳ್ಳ ಕ್ಯಾಮರಾ ಕಿತ್ತರೆ ಸಾಕ್ಷಿಯೂ ಅವನ ಜೇಬಿಗೆ. ನ್ಯಾಮತಿಯ ಪಾಠ ಇಲ್ಲೂ ಅದೇ. ಚಿತ್ರ ಫೋನಿಗೋ ಬೇರೆಡೆಗೋ ಹೋಗುವಂಥದ್ದನ್ನೇ ಕೊಳ್ಳಿ. ಸಿಗ್ನಲ್ ಇದೆಯೇ ಅಂತ ಫೋನ್ ಹಿಡಿದು ಆ ಜಾಗದಲ್ಲೇ ನೋಡಿ. ಮತ್ತು ನಿಮ್ಮ ಕ್ಯಾಮರಾ ನಿಮ್ಮ ಗೇಟು ನೋಡಲಿ, ಪಕ್ಕದ ಮನೆಯ ಹಿತ್ತಲು, ಬಚ್ಚಲು ನೋಡಬಾರದು. ಬದುವಿನ ಜಗಳವೇ ಸಾಕಾಗಿದೆ, ಕ್ಯಾಮರಾದ ಜಗಳ ಬೇಡ.

ಇದೇ ಮರ್ಯಾದೆ ಸಂಘದಲ್ಲೂ ಇರಬೇಕು. ಅಡವಿಡಲು ಬಂದ ಹೆಣ್ಣುಮಗಳ ಚಿತ್ರ ಯಾರ ಫೋನಿಗೂ ಹೋಗಬಾರದು. ಯಾರು ಕಷ್ಟದಲ್ಲಿದ್ದಾರೆ ಅನ್ನುವುದು ಊರಿನ ಹೋಟೆಲ್ಲಿನ ಮಾತಾಗಬಾರದು. ಹಳೆಯ ಚಿತ್ರ ತೆಗೆದು ನೋಡುವುದಿದ್ದರೆ ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರೂ ಇದ್ದು, ಯಾಕೆ ನೋಡಿದೆವು ಅಂತ ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಬೇಕು. "ಇಲ್ಲಿ ಕ್ಯಾಮರಾ ಇದೆ" ಎಂದು ಕನ್ನಡದಲ್ಲಿ ಬೋರ್ಡ್ ಹಾಕಬೇಕು.

ಕೋರ್ಟಿನ ವಿಷಯವೂ ತಿಳಿದಿರಲಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿದೆ. ಅದರ 63ನೇ ಕಲಮಿನ ಪ್ರಕಾರ ಇಂಥ ಚಿತ್ರದ ಜೊತೆ ಪ್ರಮಾಣಪತ್ರ ಕೊಡಬೇಕು. ರೆಕಾರ್ಡರಿನ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಇದ್ದರೆ ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ. ಸೋಮವಾರಕ್ಕೊಮ್ಮೆ ಗಡಿಯಾರ ಸರಿ ಇದೆಯೇ, ಎಲ್ಲಾ ಕ್ಯಾಮರಾ ಬರೆಯುತ್ತಿವೆಯೇ, ಹಿಂದಿನ ವಾರದ ಚಿತ್ರ ತೆರೆಯುತ್ತದೆಯೇ ಅಂತ ನೋಡಿ ಸಹಿ ಮಾಡುವ ಪುಸ್ತಕ ಒಂದಿರಲಿ.

ಕೊನೆಯದಾಗಿ ಒಂದು ವಿಷಯ. 2013ರ ನವೆಂಬರ್ 19ರಂದು ಬೆಂಗಳೂರಿನ ಒಂದು ಎ.ಟಿ.ಎಂ.ನಲ್ಲಿ ಹೆಣ್ಣುಮಗಳೊಬ್ಬರ ಮೇಲೆ ಮಚ್ಚಿನಿಂದ ಹಲ್ಲೆಯಾಯಿತು. ಕ್ಯಾಮರಾ ಎಲ್ಲವನ್ನೂ ಬರೆದುಕೊಂಡಿತು, ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ಆದರೆ ಅದು ನಡೆಯುವ ಹೊತ್ತಿಗೆ ನೋಡುವವರು ಯಾರೂ ಇರಲಿಲ್ಲ. ಆಕೆ ರಕ್ತದ ಮಡುವಿನಲ್ಲಿ ಗಂಟೆಗಟ್ಟಲೆ ಬಿದ್ದಿದ್ದರು. ಆರೋಪಿ ಸಿಕ್ಕಿದ್ದು 2017ರಲ್ಲಿ. ನೋಡುವ ಮನುಷ್ಯ ಇಲ್ಲದ ಕ್ಯಾಮರಾ ಇಷ್ಟೇ.

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ. ಹತ್ತು ಕ್ಯಾಮರಾ ಬೇಡ, ನಾಲ್ಕು ಸಾಕು: ಗೇಟು, ಕೌಂಟರ್, ತಿಜೋರಿ ಕೋಣೆಯ ಬಾಗಿಲು, ಗೋಡೌನ್. ಉಳಿದ ಹಣದಲ್ಲಿ ರೆಕಾರ್ಡರಿಗೆ ಕಪಾಟು, ಯು.ಪಿ.ಎಸ್., ಕಿಟಕಿಗೆ ಗಟ್ಟಿ ಸರಳು, ನಾಲ್ಕು ಜನರ ಫೋನಿಗೆ ಒಟ್ಟಿಗೆ ಕರೆ ಹೋಗುವ ಅಲಾರಂ ಹಾಕಿಸೋಣ. ಕರೆ ಬಂದರೆ ಒಬ್ಬರು 112ಕ್ಕೆ ಫೋನ್ ಮಾಡಬೇಕು, ಒಬ್ಬೊಬ್ಬರೇ ಹೋಗಬಾರದು. ತಿಜೋರಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಸಿಬ್ಬಂದಿ ಬದಲಾದರೆ ಬೀಗವೂ ಪಾಸ್‌ವರ್ಡೂ ಬದಲು. ಕ್ಯಾಮರಾ ದುರಸ್ತಿಗೆ ಹೋದ ದಿನ ಬಾಡಿಗೆಗಾದರೂ ಒಂದು ಹಾಕಿಸುವ ಕರಾರು. ಮೂರು ಕಡೆ ಕೊಟೇಶನ್ ತಂದು, ವಾರ್ಷಿಕ ನಿರ್ವಹಣೆ ಸಮೇತ ಬರೆಸಿಕೊಂಡು ಸಭೆಯ ಮುಂದಿಡೋಣ.

ಇನ್ನೊಂದು ಕ್ಯಾಮರಾ ನಿಮ್ಮ ಹತ್ತಿರವೇ ಇದೆ. ಸಂಘಗಳು ಕಿಟಕಿ ಮುರಿದವರಿಂದ ಹಾಳಾದದ್ದಕ್ಕಿಂತ ಲೆಕ್ಕ ತಿದ್ದಿದವರಿಂದ ಹಾಳಾದದ್ದೇ ಹೆಚ್ಚು ಎಂದು ಹಿರಿಯ ಸಹಕಾರಿಗಳು ಹೇಳುತ್ತಾರೆ. ಲೆಡ್ಜರಿನ ಒಳಗೆ ಯಾವ ಲೆನ್ಸೂ ನೋಡಲಾರದು. ಮಹಾಸಭೆಗೆ ಬಂದು, ಆಡಿಟ್ ವರದಿ ಕೇಳಿ ಓದಿಸಿ, ನಿಮ್ಮ ಅಡವಿನ ರಸೀದಿಯ ತೂಕ ನೋಡಿಕೊಳ್ಳಿ. ನನ್ನನ್ನೂ ಸೇರಿಸಿ ಎಲ್ಲ ನಿರ್ದೇಶಕರನ್ನೂ ಪ್ರಶ್ನೆ ಕೇಳಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಬಂದ ಭಾಗ್ಯವೇನು?